ಸೋಪಿನ ಎಣ್ಣೆ ಯಾವ ಊರದು?

(ಮಲ್ಲೇಶ್ವರದಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತಿನ ಬರಹ ರೂಪ. ಅವತ್ತು ಹೇಳಲು ಮರೆತ ಕೆಲವು ಸಂಗತಿಗಳನ್ನು ಸೇರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಕೆಲವರು ಇಲ್ಲಿಗೆ ಮೆಟ್ರೊದಲ್ಲಿ ಬಂದಿರಬಹುದು. ಹಸಿರು ಮಾರ್ಗದಲ್ಲಿ ಮಹಾಲಕ್ಷ್ಮಿ ಮತ್ತು ಯಶವಂತಪುರದ ನಡುವೆ ಒಂದು ನಿಲ್ದಾಣ ಇದೆ. ಅದರ ಹೆಸರು ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ರೈಲು ನಿಲ್ದಾಣಕ್ಕೆ ಸೋಪಿನ ಕಾರ್ಖಾನೆಯ ಹೆಸರಿಟ್ಟ ಊರು ನಮ್ಮದು. ನಾನು ಬೆಳೆದದ್ದು ಅಲ್ಲೇ ಹತ್ತಿರದ ಒಂದು ಬೀದಿಯಲ್ಲಿ. ಗಾಳಿ ನಮ್ಮ ಕಡೆ ತಿರುಗಿದಾಗ ಗಂಧದ ವಾಸನೆ ಬರುತ್ತಿತ್ತು. ಎಲ್ಲ ಊರಲ್ಲೂ ಸಂಜೆ ಗಾಳಿ ಹೀಗೇ ಇರುತ್ತೆ ಅಂತ ಚಿಕ್ಕವಳಾಗಿದ್ದಾಗ ನಂಬಿದ್ದೆ.

ಈಗ ನಾನು ಸೋಪು ಮಾಡುತ್ತೇನೆ. ಒಂದು ಬಾಡಿಗೆ ಕೋಣೆ, ಜೊತೆಗೆ ಕೆಲಸ ಮಾಡುವ ಇಬ್ಬರು ಅಕ್ಕಂದಿರು, ಗೋಡೆ ತುಂಬ ಮರದ ರ‍್ಯಾಕುಗಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಸ್ಥಳೀಯ ಸೋಪು ಕೊಳ್ಳಿ ಅಂತ ನಾನು ಹೇಳುವಾಗ ಅದರಲ್ಲಿ ನನ್ನ ಅನ್ನವೂ ಇದೆ. ಅದನ್ನು ತಿಳಿದುಕೊಂಡೇ ನನ್ನ ಮಾತನ್ನು ತೂಗಿ ನೋಡಿ.

ಆ ಕಾರ್ಖಾನೆಯ ಕಥೆಯಿಂದಲೇ ಶುರು ಮಾಡುತ್ತೇನೆ. 1914ಕ್ಕೆ ಮುಂಚೆ ಮೈಸೂರು ಸೀಮೆಯ ಗಂಧದ ಮರ ಹಡಗು ಹತ್ತಿ ಯುರೋಪಿಗೆ, ಅದರಲ್ಲೂ ಹೆಚ್ಚಾಗಿ ಜರ್ಮನಿಗೆ ಹೋಗುತ್ತಿತ್ತು. ಮರ ನಮ್ಮದು, ಎಣ್ಣೆ ತೆಗೆಯುವವರು ಅವರು. ಮೊದಲನೇ ಮಹಾಯುದ್ಧ ಶುರುವಾದ ಮೇಲೆ ಆ ದಾರಿ ಮುಚ್ಚಿತು. ಮರ ಇಲ್ಲೇ ರಾಶಿ ಬಿತ್ತು. ಆಗ ರಾಜರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ವಿಶ್ವೇಶ್ವರಯ್ಯನವರು. ಕೈಗಾರಿಕೆ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ ಮತ್ತು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ (ಅಂದರೆ ಈಗಿನ ಐಐಎಸ್‌ಸಿಯ) ಪ್ರೊಫೆಸರ್‌ಗಳಾದ ಸಡ್‌ಬರೋ, ವಾಟ್ಸನ್ ಸೇರಿ ಎಣ್ಣೆ ತೆಗೆಯುವ ವಿಧಾನವನ್ನು ಇಲ್ಲೇ ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲೇ ಗಂಧದ ಎಣ್ಣೆ ಇಳಿಯಿತು.

ಎಣ್ಣೆ ಬಂತು ಸರಿ, ಅದನ್ನು ಸೋಪಿಗೆ ಸೇರಿಸುವುದು ಹೇಗೆ? ಅದಕ್ಕೆ ಎಸ್. ಜಿ. ಶಾಸ್ತ್ರಿ ಎನ್ನುವ ಯುವ ರಸಾಯನಶಾಸ್ತ್ರಜ್ಞರನ್ನು ಇಂಗ್ಲೆಂಡಿಗೆ ಕಳಿಸಿದರು. ಅವರು ಸೋಪು ಮತ್ತು ಸುಗಂಧದ ಕೆಲಸ ಕಲಿತು ಬಂದರು. 1918ರ ಹೊತ್ತಿಗೆ ಮೈಸೂರು ಸ್ಯಾಂಡಲ್ ಸೋಪು ಮಾರುಕಟ್ಟೆಗೆ ಬಂತು. ಮೊದಲು ಕಬ್ಬನ್ ಪಾರ್ಕ್ ಹತ್ತಿರ ಇದ್ದ ಕಾರ್ಖಾನೆ 1957ರಲ್ಲಿ ನಮ್ಮ ಕಡೆಗೆ ಬಂತು.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವ ವಿಷಯ ಒಂದಿದೆ. ಶಾಸ್ತ್ರಿಗಳು ವಿದ್ಯೆಯನ್ನು ಹೊರಗಿನಿಂದ ತಂದರು. ಸರಕನ್ನು ಊರಲ್ಲೇ ಇಟ್ಟುಕೊಂಡರು. ನಾನು ಸೋಪು ಮಾಡಲು ಶುರು ಮಾಡಿದಾಗ ಸರಿಯಾಗಿ ಇದರ ಉಲ್ಟಾ ಮಾಡಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸೋಪು ಅಂದರೆ ಏನು ಅಂತ ನೋಡೋಣ. ನಮ್ಮ ಅಜ್ಜಿ ಜಿಡ್ಡಿನ ಪಾತ್ರೆಯನ್ನು ಒಲೆ ಬೂದಿ ಮತ್ತು ತೆಂಗಿನ ನಾರು ಹಾಕಿ ಉಜ್ಜುತ್ತಿದ್ದರು. ಬೂದಿಯಲ್ಲಿ ಕ್ಷಾರ ಇದೆ, ಪಾತ್ರೆಯಲ್ಲಿ ಎಣ್ಣೆ ಇದೆ. ಎರಡೂ ಸೇರಿದ ಕಡೆ ಚೂರು ಸೋಪು ಹುಟ್ಟುತ್ತೆ, ಅದೂ ಜಿಡ್ಡು ಬಿಡಿಸಲು ಕೈಜೋಡಿಸುತ್ತೆ. ನಾನು ಮಾಡುವ ಕೆಲಸವೂ ಅಷ್ಟೇ, ಅಳತೆ ಮಾತ್ರ ಕಟ್ಟುನಿಟ್ಟು. ಬೂದಿ ಬದಲು ಕಾಸ್ಟಿಕ್ ಸೋಡಾ.

ಈ ಹೆಸರು ಕೇಳಿದ ತಕ್ಷಣ ಕೆಲವರ ಮುಖ ಬದಲಾಗುತ್ತೆ. ನ್ಯಾಚುರಲ್ ಅಂತ ಹೇಳಿ ಕಾಸ್ಟಿಕ್ ಹಾಕ್ತೀರಾ ಮೇಡಂ ಅಂತ ಕೇಳುತ್ತಾರೆ. ಹಾಕಲೇಬೇಕು. ಕ್ಷಾರ ಇಲ್ಲದೆ ಎಣ್ಣೆ ಸೋಪಾಗುವುದಿಲ್ಲ, ಇಲ್ಲಿಯದಾದರೂ ಫ್ರಾನ್ಸಿನದಾದರೂ. ಸರಿಯಾದ ಅಳತೆಯಲ್ಲಿ ಹಾಕಿದರೆ ಅದು ಎಣ್ಣೆಯ ಜೊತೆ ಪೂರ್ತಿ ಬೆರೆತು ಮುಗಿದುಹೋಗುತ್ತೆ. ಗಟ್ಟಿಯಾದ ಸೋಪಿನಲ್ಲಿ ಉಳಿಯುವುದಿಲ್ಲ. ಒಂದು ಕೆಜಿ ಕೊಬ್ಬರಿ ಎಣ್ಣೆಗೆ ಸುಮಾರು 183 ಗ್ರಾಂ ಬೇಕು, ಅದೇ ಹರಳೆಣ್ಣೆಗೆ ಸುಮಾರು 128 ಗ್ರಾಂ ಸಾಕು. ಒಂದೊಂದು ಎಣ್ಣೆಗೆ ಒಂದೊಂದು ಲೆಕ್ಕ. ನಾವು ಲೆಕ್ಕಕ್ಕಿಂತ ನೂರಕ್ಕೆ ಐದರಷ್ಟು ಕಡಿಮೆ ಹಾಕುತ್ತೇವೆ. ಹಾಗೆ ಮಾಡಿದರೆ ಸ್ವಲ್ಪ ಎಣ್ಣೆ ಎಣ್ಣೆಯಾಗಿಯೇ ಉಳಿದು ಚರ್ಮಕ್ಕೆ ಸಿಗುತ್ತೆ.

ನಮ್ಮ ದಿನನಿತ್ಯದ ಸೋಪಿನ ಲೆಕ್ಕ ಹೇಳುತ್ತೇನೆ. ಅರ್ಧ ಕೆಜಿ ಕೊಬ್ಬರಿ ಎಣ್ಣೆ, 300 ಗ್ರಾಂ ಅಕ್ಕಿ ತೌಡಿನ ಎಣ್ಣೆ, 100 ಗ್ರಾಂ ಹರಳೆಣ್ಣೆ, 100 ಗ್ರಾಂ ಮುರುಗಲ ತುಪ್ಪ, ಅಂದರೆ ಕೋಕಂ ಬೀಜದ ಗಟ್ಟಿ ಎಣ್ಣೆ. ಇದಕ್ಕೆ ಸುಮಾರು 148 ಗ್ರಾಂ ಕಾಸ್ಟಿಕ್ ಸೋಡಾ, ನೀರಲ್ಲಿ ಕರಗಿಸಿ. ಕನ್ನಡಕ, ಗ್ಲೌಸ್ ಹಾಕಿಕೊಂಡು, ಯಾವಾಗಲೂ ನೀರಿಗೇ ಸೋಡಾ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಮೈಮೇಲೆ ಹಾರುತ್ತೆ. ಆ ಸೋಡಾ ನೀರನ್ನೂ ಎಣ್ಣೆಯನ್ನೂ ಕೂಡಿಸಿ ತಿರುವುತ್ತಾ ಹೋದರೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತೆ. ಅಚ್ಚಿಗೆ ಹುಯ್ದು ಮಾರನೇ ದಿನ ಕತ್ತರಿಸುತ್ತೇವೆ. ಆಮೇಲೆ ಕಾಯುವುದು. ನಾಲ್ಕರಿಂದ ಆರು ವಾರ ರ‍್ಯಾಕಿನ ಮೇಲೆ ಒಣಗಬೇಕು. ಬೆಂಗಳೂರಿನ ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಕೊನೆಗೆ ಕೈಗೆ ಬರುವುದು ನೂರು ಗ್ರಾಮಿನ ಹದಿಮೂರು ಸೋಪು.

ದೊಡ್ಡ ಕಾರ್ಖಾನೆಗೆ ಇಷ್ಟು ಕಾಯಲು ಆಗುವುದಿಲ್ಲ. ಅಲ್ಲಿ ಸೋಪು ಶ್ಯಾವಿಗೆ ತುಂಡಿನ ಹಾಗೆ ಇರುವ ನೂಡಲ್ಸ್ ರೂಪದಲ್ಲಿ ಬರುತ್ತೆ. ಅದಕ್ಕೆ ಬಣ್ಣ, ಪರಿಮಳ ಸೇರಿಸಿ ಒತ್ತುತ್ತಾರೆ. ನೂಡಲ್ಸಿನ ಮೂಲ ಬಹುಪಾಲು ಇಂಡೋನೇಷ್ಯಾ, ಮಲೇಷ್ಯಾದ ಪಾಮ್ ಎಣ್ಣೆ. ಇನ್ನೊಂದು ವ್ಯತ್ಯಾಸ ಗ್ಲಿಸರಿನ್. ಎಣ್ಣೆ ಸೋಪಾಗುವಾಗ ಗ್ಲಿಸರಿನ್ ತಾನಾಗಿಯೇ ಹುಟ್ಟುತ್ತೆ, ಒಂದು ಕೆಜಿ ಎಣ್ಣೆಗೆ ಸುಮಾರು 100 ಗ್ರಾಂ. ಚರ್ಮ ಒಣಗದ ಹಾಗೆ ನೋಡಿಕೊಳ್ಳುವುದು ಅದೇ. ಕಾರ್ಖಾನೆಗಳು ಸಾಮಾನ್ಯವಾಗಿ ಅದನ್ನು ಬೇರೆ ಮಾಡಿ ಔಷಧಿಗೆ, ಕ್ರೀಮಿಗೆ ಮಾರುತ್ತವೆ. ಕೈಯಲ್ಲಿ ಮಾಡಿದ ಸೋಪಿನಲ್ಲಿ ಅದು ಹಾಗೇ ಉಳಿಯುತ್ತೆ. ಮಳೆಗಾಲದಲ್ಲಿ ನಮ್ಮ ಸೋಪಿನ ಮೇಲೆ ಸಣ್ಣ ಹನಿ ಕೂರುತ್ತೆ ಅಂತ ಹೇಳುತ್ತೀರಲ್ಲ, ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುವುದರಿಂದ ಹಾಗಾಗುತ್ತೆ. ಒರೆಸಿ ಬಳಸಿ, ಏನೂ ಆಗುವುದಿಲ್ಲ.

ಈಗ ನನ್ನ ತಪ್ಪಿನ ಕಥೆ. ಮೊದಲ ಎರಡು ವರ್ಷ ನಾನು ಇಟಲಿ, ಸ್ಪೇನಿನಿಂದ ಬರುವ ಅಗ್ಗದ ಆಲಿವ್ ಎಣ್ಣೆಯ ಡಬ್ಬಿ ತರಿಸುತ್ತಿದ್ದೆ. ಆಫ್ರಿಕಾದ ಶಿಯಾ ಮರದ ಬೀಜದಿಂದ ತೆಗೆದ ಶಿಯಾ ಬೆಣ್ಣೆ, ಎಲ್ಲಿಂದಲೋ ಬಂದ ಲ್ಯಾವೆಂಡರ್. ಹೊರದೇಶದವರ ವಿಡಿಯೊ ನೋಡಿ ಕಲಿತಿದ್ದೆ, ಅವರು ಏನು ಹಾಕುತ್ತಾರೋ ಅದನ್ನೇ ಹಾಕುತ್ತಿದ್ದೆ. ಪೊಟ್ಟಣದ ಮೇಲೆ ಮಾತ್ರ 'ಬೆಂಗಳೂರಿನಲ್ಲಿ ಕೈಯಿಂದ ಮಾಡಿದ್ದು' ಅಂತ ಬರೆಯುತ್ತಿದ್ದೆ. ಸುಳ್ಳಲ್ಲ. ಆದರೆ ಆ ಸೋಪಿನಲ್ಲಿ ಬೆಂಗಳೂರಿನದು ನನ್ನ ಕೈ ಮತ್ತು ನಲ್ಲಿ ನೀರು, ಅಷ್ಟೇ.

ಅದು ನನಗೆ ತಿಳಿದದ್ದು ಗ್ರಾಹಕರಿಂದ. ಜಯನಗರದ ಒಬ್ಬ ಅಜ್ಜಿ ಫೋನ್ ಮಾಡಿ, "ನಿನ್ನ ಸೋಪು ವಾಸನೆ ಚೆನ್ನಾಗಿದೆ ಕಣಮ್ಮ, ನೊರೆನೇ ಬರಲ್ಲವಲ್ಲ" ಅಂದರು. ಅದೇ ಸೋಪು ನಮ್ಮ ಮನೆಯಲ್ಲಿ ಸರಿಯಾಗಿತ್ತು. ವಿಚಾರಿಸಿದರೆ ಅವರದು ಬೋರ್‌ವೆಲ್ ನೀರು, ನಮ್ಮದು ಕಾವೇರಿ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಅವು ಸೋಪನ್ನು ಹಿಡಿದುಕೊಂಡು ಬಿಳಿ ಜಿಗುಟು ಮಾಡುತ್ತವೆ. ನಿಮ್ಮ ಬಕೆಟ್ಟಿನ ಒಳಗೆ ಕಟ್ಟುವ ಬಿಳಿ ಪದರ ಅದೇ. ಆಲಿವ್ ಎಣ್ಣೆಯ ಸೋಪು ಗಡಸು ನೀರಿನಲ್ಲಿ ಸೋಲುತ್ತೆ. ಕೊಬ್ಬರಿ ಎಣ್ಣೆಯ ಸೋಪಿಗೆ ಗಡಸು ನೀರಿನಲ್ಲೂ ನೊರೆ ಬರುತ್ತೆ. ಉಪ್ಪು ನೀರಿನಲ್ಲೂ ಬರುತ್ತೆ ಅಂತಲೇ ಹಿಂದೆ ಹಡಗಿನವರು ಅದನ್ನು ಒಯ್ಯುತ್ತಿದ್ದರು.

ಅರ್ಧ ಬೆಂಗಳೂರು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನಲ್ಲಿ ಸ್ನಾನ ಮಾಡುವಾಗ ಅದಕ್ಕೆ ಒಗ್ಗುವ ಎಣ್ಣೆ ತಿಪಟೂರಿನಲ್ಲಿ, ರೈಲಿನಲ್ಲಿ ಕೆಲವೇ ಗಂಟೆ ದೂರದಲ್ಲಿ ಇದೆ. ಅದನ್ನು ಬಿಟ್ಟು ನಾನು ಸ್ಪೇನಿನ ಡಬ್ಬಿಗೆ ಕಾಯುತ್ತಿದ್ದೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಿರಿಯಾದ ಅಲೆಪ್ಪೊ ಸೋಪು, ಪ್ಯಾಲೆಸ್ಟೈನಿನ ನಾಬ್ಲಸ್ ಸೋಪು, ಫ್ರಾನ್ಸಿನ ಮಾರ್ಸೆ ಸೋಪು, ಇವನ್ನು ನಾನು ತುಂಬಾ ಗೌರವಿಸುತ್ತೇನೆ. ಅಲೆಪ್ಪೊ ಮತ್ತು ನಾಬ್ಲಸ್‌ನ ಸೋಪಿನ ಕೆಲಸವನ್ನು 2024ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅವು ದೊಡ್ಡವಾದದ್ದು ಹೇಗೆ? ನಾಬ್ಲಸ್‌ನವರು ಸುತ್ತಲಿನ ಗುಡ್ಡಗಳ ಆಲಿವ್ ಮರದ ಎಣ್ಣೆ ಬಳಸಿದರು. ಅಲೆಪ್ಪೊದವರು ಅದಕ್ಕೆ ತಮ್ಮ ಸೀಮೆಯ ಲಾರೆಲ್ ಕಾಯಿಯ ಎಣ್ಣೆ ಸೇರಿಸಿದರು. ಅವರಿಂದ ಕಲಿಯುವುದು ಅಂದರೆ ನಾವು ನಮ್ಮ ಮರಗಳ ಕಡೆ ನೋಡಬೇಕು ಅಲ್ವಾ? ಅವರ ಮರದ ಎಣ್ಣೆ ತರಿಸಿಕೊಂಡರೆ ನಾವು ಕಲಿತದ್ದು ಏನೂ ಇಲ್ಲ.

ನಮ್ಮ ಕಡೆ ಏನೇನಿದೆ ನೋಡಿ. ತುಮಕೂರು, ಹಾಸನದ ಕೊಬ್ಬರಿ. ಬಯಲುಸೀಮೆಯ ಹರಳು. ಅಕ್ಕಿ ಗಿರಣಿಗಳ ತೌಡು. ತೌಡಿನ ಎಣ್ಣೆ ಕಾರ್ಖಾನೆಯಲ್ಲಿ ತೆಗೆದದ್ದು, ಗಾಣದ್ದಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಆಮೇಲೆ ಮುರುಗಲ ತುಪ್ಪ. ಶಿರಸಿ, ಸಿದ್ದಾಪುರ ಕಡೆಯವರು ಇಲ್ಲಿದ್ದರೆ ಅವರಿಗೆ ಗೊತ್ತು. ಮುರುಗಲ ಹಣ್ಣಿನ ಸಿಪ್ಪೆ ಸಾರಿಗೆ, ಶರಬತ್ತಿಗೆ ಹೋಗುತ್ತೆ. ಬೀಜ ಕುಟ್ಟಿ ಕುದಿಸಿ ತುಪ್ಪ ತೆಗೆಯುತ್ತಾರೆ. ಅದನ್ನು ಉಂಡೆ ಕಟ್ಟಿ ಇಟ್ಟುಕೊಂಡು ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ, ತುಟಿಗೆ ಹಚ್ಚುತ್ತಾರೆ. ಕಲ್ಲಿನ ಹಾಗೆ ಗಟ್ಟಿ, ಮೈಗೆ ತಾಗಿದರೆ ಕರಗುತ್ತೆ. ಶಿಯಾ ಬೆಣ್ಣೆ ಮಾಡುವ ಕೆಲಸವನ್ನೆಲ್ಲ ಸೋಪಿನಲ್ಲಿ ಇದು ಮಾಡುತ್ತೆ, ಸೋಪಿಗೆ ಗಟ್ಟಿತನವನ್ನೂ ಕೊಡುತ್ತೆ. ನಮ್ಮ ಅಮ್ಮನ ತವರಲ್ಲಿ ಇದರ ಉಂಡೆ ಯಾವಾಗಲೂ ನಾಗಂದಿಗೆ ಮೇಲೆ ಇರುತ್ತಿತ್ತು. ನಾನು ಅದನ್ನು ನೋಡುತ್ತಲೇ ಬೆಳೆದವಳು.

ಪರಿಮಳಕ್ಕೆ ಲಾವಂಚ ಇದೆ, ನಿಂಬೆಹುಲ್ಲು ಇದೆ. ಗಂಧ? ನಿಜವಾದ ಗಂಧದ ಎಣ್ಣೆಯ ಬೆಲೆಗೆ ನನ್ನ ಹಾಗೆ ಸಣ್ಣದಾಗಿ ಸೋಪು ಮಾಡುವವರು ಅದನ್ನು ಹಾಕುವುದು ಕಷ್ಟ. ಸಣ್ಣ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಗಂಧದ ಕೈಸೋಪು (ಕೈಯಲ್ಲಿ ಮಾಡಿದ ಸೋಪು) ಅಂತ ಕೊಟ್ಟರೆ ಯಾವ ಗಂಧ ಅಂತ ಕೇಳಿ.

ನೀವು ಸೋಪು ಕೊಳ್ಳುವಾಗ ಏನು ಮಾಡಬೇಕು ಅನ್ನುವುದಕ್ಕೆ ಬರುತ್ತೇನೆ. ಮುಂದಿನ ಭಾಗ ಮಾತ್ರ ನೋಡಿ ಇಡಬೇಡಿ, ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಸೋಡಿಯಂ ಪಾಲ್ಮೇಟ್ ಅಂದರೆ ಪಾಮ್ ಎಣ್ಣೆ. ಸೋಡಿಯಂ ಕೊಕೊಯೇಟ್ ಅಂದರೆ ಕೊಬ್ಬರಿ ಎಣ್ಣೆ. ಸೋಡಿಯಂ ಟ್ಯಾಲೋವೇಟ್ ಅಂತ ಇದ್ದರೆ ಅದು ಪ್ರಾಣಿಯ ಕೊಬ್ಬು, ಸಸ್ಯಾಹಾರಿಗಳು ಗಮನಿಸಿ. ಹೂವಿನ ಚಿತ್ರ, ಯುರೋಪಿನ ಹಳ್ಳಿಯ ಹೆಸರು ಇರುವ, ನೂರಾರು ರೂಪಾಯಿಯ ವಿದೇಶಿ ಸೋಪು ತಿರುಗಿಸಿದರೆ ಎಷ್ಟೋ ಸಲ ಮೊದಲ ಹೆಸರೇ ಪಾಲ್ಮೇಟ್. ಅಂದರೆ ನಮ್ಮ ಪಕ್ಕದ ಇಂಡೋನೇಷ್ಯಾದ ಎಣ್ಣೆ ಯುರೋಪು ಸುತ್ತಿ ಮಾಲ್‌ಗೆ ಬಂದಿದೆ. ನೀವು ಕೊಟ್ಟ ದುಡ್ಡು ಆ ಪ್ರಯಾಣಕ್ಕೆ, ಹೆಸರಿಗೆ, ಪೊಟ್ಟಣಕ್ಕೆ.

ಟಿಎಫ್‌ಎಂ ಅನ್ನುವ ಅಂಕಿ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಸೋಪಿನಲ್ಲಿ ಕೊಬ್ಬಿನ ಅಂಶ ನೂರಕ್ಕೆ ಎಷ್ಟು ಅಂತ ಅದು ತಿಳಿಸುತ್ತೆ. ಸರಕಿನ ಗುಣಮಟ್ಟ ಗೊತ್ತುಮಾಡುವ ಸರ್ಕಾರಿ ಸಂಸ್ಥೆ ಬಿಐಎಸ್ ಲೆಕ್ಕದಲ್ಲಿ ಗ್ರೇಡ್ 1 ಟಾಯ್ಲೆಟ್ ಸೋಪಿಗೆ ಕನಿಷ್ಠ 76, ಗ್ರೇಡ್ 2ಕ್ಕೆ 70, ಗ್ರೇಡ್ 3ಕ್ಕೆ 60. ಬೇತಿಂಗ್ ಬಾರ್ ಅಂತ ಬರೆದಿರುವುದು 40 ಇದ್ದರೂ ಆಯಿತು. ಅಂಗಡಿಯ ಸೋಪುಗಳನ್ನು ಹೋಲಿಸಲು ಇದು ಒಳ್ಳೆಯ ಅಳತೆ. ಕೈಸೋಪಿಗೆ ಮಾತ್ರ ಇದೊಂದನ್ನೇ ಹಿಡಿಯಬೇಡಿ. ನಮ್ಮಲ್ಲಿ ಗ್ಲಿಸರಿನ್ ಒಳಗೇ ಉಳಿಯುವುದರಿಂದ, ಸ್ವಲ್ಪ ನೀರೂ ಇರುವುದರಿಂದ ಅಂಕಿ 70ರ ಆಸುಪಾಸಿಗೆ ಬರುತ್ತೆ. ಎಣ್ಣೆಯಲ್ಲಿ ಕಳ್ಳತನ ಮಾಡಿದ್ದಕ್ಕೆ ಹಾಗಾದದ್ದಲ್ಲ.

ಇನ್ನು ನಮ್ಮ ಕಡೆಯವರ ತಪ್ಪನ್ನೂ ಹೇಳಬೇಕು. ಬೆಂಗಳೂರಿನ ಸಂತೆ, ಮೇಳಗಳಲ್ಲಿ ಗಾಜಿನ ಹಾಗೆ ಹೊಳೆಯುವ, ಒಳಗೆ ಗುಲಾಬಿ ಎಸಳು ಇಟ್ಟ ಸೋಪು ನೋಡಿರುತ್ತೀರಿ. ಅದರಲ್ಲಿ ಹೆಚ್ಚಿನದು ಕಾರ್ಖಾನೆಯಲ್ಲಿ ಮಾಡಿದ ಸೋಪ್ ಬೇಸ್ ತಂದು, ಕರಗಿಸಿ, ಬಣ್ಣ ಹಾಕಿ ಅಚ್ಚಿಗೆ ಹುಯ್ದದ್ದು. ಮನೆಯಲ್ಲಿ ಕುಳಿತು ನಾಲ್ಕು ಕಾಸು ದುಡಿಯುವ ಹೆಣ್ಣುಮಕ್ಕಳ ಬಗ್ಗೆ ನನ್ನ ತಕರಾರು ಇಲ್ಲ. ಅದನ್ನು ಹಾಗೆಯೇ ಹೇಳಿ ಮಾರಬೇಕು. ಕೊಳ್ಳುವವರು ಮೂರು ಮಾತು ಕೇಳಿದರೆ ಗೊತ್ತಾಗುತ್ತೆ. ಎಣ್ಣೆ ಯಾವುದು? ಎಲ್ಲಿಂದ ತರುತ್ತೀರಿ? ಯಾವತ್ತು ಹುಯ್ದದ್ದು? ಸೋಪು ನಿಜವಾಗಿ ತಾವೇ ಮಾಡಿದವರು ಈ ಮೂರಕ್ಕೂ ತಡವರಿಸದೆ ಉತ್ತರ ಕೊಡುತ್ತಾರೆ. ಉತ್ತರ ಕೊಟ್ಟು ನಿಲ್ಲಿಸುವುದೂ ಇಲ್ಲ, ನಿಮ್ಮನ್ನು ಅರ್ಧ ಗಂಟೆ ನಿಲ್ಲಿಸಿಕೊಂಡು ಮಾತಾಡುತ್ತಾರೆ.

ಸೋಪು ನಮ್ಮ ಕಾನೂನಿನಲ್ಲಿ ಕಾಸ್ಮೆಟಿಕ್. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮಾರಾಟಕ್ಕೆ ಮಾಡುವವರಿಗೆ ಲೈಸೆನ್ಸ್ ಬೇಕು. ಪೊಟ್ಟಣದ ಮೇಲೆ ವಿಳಾಸ, ಬ್ಯಾಚ್ ನಂಬರ್, ಏನೇನು ಹಾಕಿದೆ ಎನ್ನುವ ಪಟ್ಟಿ ಇರಬೇಕು. ಹೊರದೇಶದ ಸೋಪಿನ ಮೇಲೂ ಆಮದು ನೋಂದಣಿ ನಂಬರ್ ಇರಬೇಕು. ನಾನು ಲೈಸೆನ್ಸ್ ಮಾಡಿಸಲು ಓಡಾಡಿದ್ದು ತಿಂಗಳುಗಟ್ಟಲೆ. ಒಂದು ಕಚೇರಿಯಲ್ಲಿ ನನ್ನ ಫೈಲು ಮೂರು ಸಲ ಕಾಣೆಯಾಯಿತು. ಸುಮ್ನೆ ಬಿಟ್ಟುಬಿಡೋಣ ಅನ್ನಿಸಿತ್ತು. ಆದರೂ ಸಣ್ಣವರಿಗೆಲ್ಲ ನಾನು ಹೇಳುವುದು, ಮಾಡಿಸಿ. ಜನ ಮೈಗೆ ಹಚ್ಚಿಕೊಳ್ಳುವ ವಸ್ತು ಇದು, ಜವಾಬ್ದಾರಿ ಕಾಗದದ ಮೇಲೂ ಇರಲಿ. ಕಜ್ಜಿ ಹೋಗುತ್ತೆ, ಸೋರಿಯಾಸಿಸ್ ವಾಸಿಯಾಗುತ್ತೆ ಅಂತ ದಯವಿಟ್ಟು ಬರೆಯಬೇಡಿ. ಸೋಪು ಕೊಳೆ ತೆಗೆಯುತ್ತೆ. ಚೆನ್ನಾಗಿ ಮಾಡಿದ್ದರೆ ಚರ್ಮವನ್ನು ಒರಟು ಮಾಡದೆ ತೆಗೆಯುತ್ತೆ. ಕಾಯಿಲೆಗೆ ಡಾಕ್ಟರು ಇದ್ದಾರೆ.

ಹಾಗೆಯೇ ಬೆಳ್ಳಂದೂರು ಕೆರೆಯ ನೊರೆ ತೋರಿಸಿ ಕೈಸೋಪು ಮಾರುವವರನ್ನೂ ನೋಡಿದ್ದೇನೆ. ಆ ನೊರೆಗೆ ಮುಖ್ಯ ಕಾರಣ ಶುದ್ಧಮಾಡದೆ ಹರಿಸಿದ ಕೊಳಚೆ, ಅದರಲ್ಲಿನ ಡಿಟರ್ಜೆಂಟು. ಮೈಸೋಪು ಬದಲಾಯಿಸಿ ಕೆರೆ ಉಳಿಸಿ ಅಂತ ನಾನು ಹೇಳಲಾರೆ.

ದುಡ್ಡಿನ ಮಾತಿಗೆ ಬರುತ್ತೇನೆ. ನಮ್ಮ ನೂರು ಗ್ರಾಂ ಸೋಪಿಗೆ 140 ರೂಪಾಯಿ. ಅದರಲ್ಲಿ 40 ರೂಪಾಯಿ ಹತ್ತಿರ ಎಣ್ಣೆಗೇ ಹೋಗುತ್ತೆ. ತಿಪಟೂರಿನ ಕೊಬ್ಬರಿ ಕೊಂಡು ಗಾಣ ಆಡಿಸುವವರೊಬ್ಬರಿಂದ ನಾವು ಎಣ್ಣೆ ತರುತ್ತೇವೆ. ಕೊಬ್ಬರಿ ರೇಟು ಏರಿದರೆ ಅವರು ಬೆಳಗ್ಗೆಯೇ ಫೋನ್ ಮಾಡುತ್ತಾರೆ. ಮುರುಗಲ ತುಪ್ಪ ಶಿರಸಿ ಕಡೆಯ ನಾಲ್ಕು ಮನೆಯ ಹೆಂಗಸರದು, ಮಳೆ ಜಾಸ್ತಿಯಾದ ವರ್ಷ ಬೀಜ ಕೊಳೆತು ಅರ್ಧವೇ ಬರುತ್ತೆ. ಉಳಿದದ್ದರಲ್ಲಿ ಇಬ್ಬರ ಸಂಬಳ, ಬಾಡಿಗೆ, ಕರೆಂಟು, ತೆರಿಗೆ, ನನ್ನ ಮನೆ. ನಿಮ್ಮ 140 ರೂಪಾಯಿ ಎಲ್ಲೆಲ್ಲಿ ಇಳಿಯಿತು ಅಂತ ನಾನು ಒಂದೊಂದು ಮನೆ ತೋರಿಸಬಲ್ಲೆ. ದುಬಾರಿ ವಿದೇಶಿ ಸೋಪಿನ ಅಂಗಡಿಯವರು ಇದನ್ನು ತೋರಿಸಲಾರರು. ನಾನು ಈ ಕೆಲಸದಲ್ಲಿ ಉಳಿದಿರುವುದು ಇದಕ್ಕೇ.

ಪ್ರಶ್ನೆ: 140 ರೂಪಾಯಿ ನಮ್ಮಂಥವರ ಕೈಗೆ ನಿಲುಕುತ್ತಾ? ಮನೆಯಲ್ಲಿ ಐದು ಜನ ಇದ್ದೇವೆ.

ನ್ಯಾಯವಾದ ಪ್ರಶ್ನೆ ಅಕ್ಕ. ಐದು ಜನಕ್ಕೂ ಇದನ್ನೇ ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಇಲ್ಲೇ ತಯಾರಾಗುವ ಒಳ್ಳೆಯ ಗ್ರೇಡ್ 1 ಸೋಪುಗಳು ಇದರ ಅರ್ಧ ಬೆಲೆಗೂ ಸಿಗುತ್ತವೆ, ಅವನ್ನು ಕೊಳ್ಳಿ. ಕಡಲೆಹಿಟ್ಟು, ಸೀಗೆಪುಡಿ ಎಲ್ಲೂ ಹೋಗಿಲ್ಲ. ವಾರಕ್ಕೊಮ್ಮೆ ಎಣ್ಣೆ ನೀರು ಹಾಕಿಕೊಳ್ಳುವ ಮನೆಯಾದರೆ ಆ ದಿನ ಸೋಪೇ ಬೇಡ. ನನ್ನ ಮಾತು 400, 500 ಕೊಟ್ಟು ಹೊರಗಿನ ಸೋಪು ಕೊಳ್ಳುವವರಿಗೆ, ಮದುವೆ, ಗೃಹಪ್ರವೇಶಕ್ಕೆ ಉಡುಗೊರೆ ಅಂತ ಅದನ್ನು ಕೊಡುವವರಿಗೆ. ಆ ದುಡ್ಡು ಮೊದಲು ಇಲ್ಲಿಗೆ ಬರಲಿ. ಕೈಸೋಪು ಕೊಂಡರೆ ಒಂದು ಕೆಲಸ ಮಾಡಿ, ನೀರು ಬಸಿಯುವ ಡಬ್ಬಿಯಲ್ಲಿ ಇಡಿ. ಗ್ಲಿಸರಿನ್ ಇರುವ ಸೋಪು ನೀರಿನಲ್ಲಿ ಕೂತರೆ ಬೇಗ ಕರಗುತ್ತೆ. ಒಣಗಲು ಬಿಟ್ಟರೆ ಎಷ್ಟೋ ದಿನ ಜಾಸ್ತಿ ಬರುತ್ತೆ.

ಪ್ರಶ್ನೆ: ಊರ ಎಣ್ಣೆ ಅಂತೀರಿ. ಬೆಂಗಳೂರಿನ ಬೀದಿ ಬೀದಿಯಲ್ಲೂ ಹೊಂಗೆ ಮರ ಇದೆಯಲ್ಲ, ಹೊಂಗೆ ಎಣ್ಣೆ ಸೋಪು ಯಾಕೆ ಮಾಡಲ್ಲ?

ಈ ಪ್ರಶ್ನೆಗೇ ಕಾಯುತ್ತಿದ್ದೆ. ನಮ್ಮ ಬೀದಿಯಲ್ಲೇ ಆರು ಹೊಂಗೆ ಮರ ಇವೆ. ಕಾಯಿ ಉದುರಿ, ಪೌರಕಾರ್ಮಿಕರು ಗುಡಿಸಿ, ಕಸದ ಗಾಡಿಗೆ ಹೋಗುತ್ತೆ. ಹಿಂದೆ ಇದೇ ಎಣ್ಣೆ ದೀಪಕ್ಕೆ ಉರಿಯುತ್ತಿತ್ತು. ಸೋಪು ಚೆನ್ನಾಗಿಯೇ ಆಗುತ್ತೆ. ತೊಂದರೆ ಕಮಟು ವಾಸನೆಯದು. ನೂರಕ್ಕೆ 20 ಹಾಕಿ ನೋಡಿದೆ, ಆರು ವಾರ ಆದರೂ ವಾಸನೆ ಹೋಗಲಿಲ್ಲ. ನಮ್ಮ ಅಕ್ಕಂದಿರೇ ಮನೆಗೆ ಒಯ್ಯಲು ಒಪ್ಪಲಿಲ್ಲ. ಆಮೇಲೆ 10ಕ್ಕೆ ಇಳಿಸಿ, ಲಾವಂಚದ ಬೇರನ್ನು ಕೊಬ್ಬರಿ ಎಣ್ಣೆಯಲ್ಲಿ ಒಂದು ತಿಂಗಳು ನೆನೆಸಿ, ಆ ಎಣ್ಣೆಯಲ್ಲೇ ಮಾಡಿದೆ. ಹಸಿರು ಮಿಶ್ರಿತ ಹಳದಿ ಬಣ್ಣ ಬಂದಿದೆ. ಮೂರನೇ ವಾರದಲ್ಲಿ ಇದೆ ಈಗ. ನಿನ್ನೆ ಮೂಸಿದಾಗ ಮೊದಲು ಲಾವಂಚ, ಹಿಂದೆ ಹೊಂಗೆ. ಇನ್ನು ಮೂರು ವಾರ ಬಿಟ್ಟು ಕೋಣೆಗೆ ಬನ್ನಿ, ಕೈ ತೊಳೆದು ನೋಡಿ ಹೇಳಿ. ಬೋರ್‌ವೆಲ್ ನೀರಿನದೊಂದು ಬಕೆಟ್, ಕಾವೇರಿಯದೊಂದು ಬಕೆಟ್, ಎರಡನ್ನೂ ತುಂಬಿಟ್ಟಿರುತ್ತೇನೆ.